ನಾನು ಖೋಟಾ ಎಂದ ಲಾರಿನ್

ಆ ಲಾರಿನ್ ಖೋಟಾ ಆಗಿರಲಿಲ್ಲ, ಬಸಣ್ಣಾ. ಅಸಲಿಯೇ ಇತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ನಿಮಗೆ ಸುಳ್ಳು ಹೇಳಿದೆ.

ಪುಣೆಯ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತ ನೀವು ಕೂಡಿಟ್ಟಿದ್ದೆಲ್ಲ ನಮ್ಮ ವಿಜಯಪುರದ ಹಳೆಯ ನಾಣ್ಯಗಳನ್ನೇ. ಅವುಗಳಲ್ಲಿ ನಿಮ್ಮ ತಾಯಿ ಕೊಟ್ಟ ಲಾರಿನ್ ಒಂದಿತ್ತು — ಬೆಳ್ಳಿಯ ತಂತಿಯನ್ನು ಮಡಚಿ, ಮೇಲೆ ಅಕ್ಷರ ಒತ್ತಿದ ಆದಿಲಶಾಹಿ ಕಾಲದ ನಾಣ್ಯ. ಅದೇ ಛಾಪಿನ ಇನ್ನೊಂದು ಆನ್‌ಲೈನ್ ಹರಾಜಿಗೆ ಬಂದಾಗ, ಜೋಡಿ ಆಗುತ್ತದೆಂದು ಹಿಗ್ಗಿದ್ದಿರಿ. ನಾನೂ ಬೇರೆ ಹೆಸರಿನಲ್ಲಿ ಅದಕ್ಕೇ ಬೆಲೆ ಕೂಗುತ್ತಿದ್ದೆ. ಯಾಕೆ ಬೇಕಿತ್ತು? ನನ್ನ ನಾಣ್ಯಗಳ ಪೆಟ್ಟಿಗೆಯಲ್ಲಿ ಅಂಥದ್ದು ಇರಲಿಲ್ಲ, ಅಷ್ಟೇ. ಕೊನೆಗೆ ಉಳಿದವರು ನಾವಿಬ್ಬರೇ. ನೀವು ಏರಿಸಿದಂತೆಲ್ಲ ನಾನೂ ಏರಿಸುತ್ತಿದ್ದೆ. ಮುಗಿಯಲು ನಾಲ್ಕು ನಿಮಿಷವಿದ್ದಾಗ ನಿಮ್ಮ ಫೋನು ಬಂತು. ಅಸಲಿ, ಖೋಟಾ ಗುರುತಿಸಲು ನೀವು ನನ್ನ ಕಣ್ಣನ್ನೇ ನಂಬುತ್ತಿದ್ದಿರಿ.

"ಮಾಧವಾ, ಫೋಟೋ ನೋಡಿದೇನು? ಇನ್ನೂ ಏರಸ್ಲೇನು?"

"ಬ್ಯಾಡ್ರಿ. ಖೋಟಾ ಅದ."

ನೀವು ನಿಲ್ಲಿಸಿದಿರಿ. ನಿಜವಾದ ಬೆಲೆಯ ಕಾಲುಭಾಗಕ್ಕೆ ಅದು ನನ್ನದಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ರವಿವಾರ ನೀವು ನನ್ನನ್ನು ಸ್ವಾರಗೇಟಿನ ಹತ್ತಿರದ ಅಕ್ಕಸಾಲಿಗನ ಅಂಗಡಿಗೆ ಕರೆದಿರಿ. ತಾಯಿಯ ಲಾರಿನ್ ನಿಮ್ಮ ಅಂಗೈಯಲ್ಲಿತ್ತು.

"ನೀ ಹೇಳಿದ್ದು ಖರೇ. ಅಸಲಿ ಇದ್ದಿದ್ರ ಅದು ಇಷ್ಟ ಸೋವಿಗೆ ಹೋಗ್ತಿತ್ತೇನು? ಇದೂ ಅದ ಛಾಪು — ಹಂಗಾರ ನಮ್ಮವ್ವಂದೂ ಖೋಟಾನ. ಬೆಳ್ಳಿಯರ ಖರೇ ಅದ, ಇನ್ನೊಂದಿಷ್ಟು ಕೂಡಿಸಿ ಮೊಮ್ಮಗಳಿಗೆ ಗೆಜ್ಜಿ ಮಾಡಸ್ತೀನಿ."

ಕೊನೆಗೆ ಇಬ್ಬರೇ ಕೂಗಿದ ಬೆಲೆ, ಅವರಲ್ಲೊಬ್ಬ ಸುಳ್ಳ — ಅದನ್ನೇ ನೀವು ಸಾಕ್ಷಿಯೆಂದು ಹಿಡಿದಿದ್ದಿರಿ. ಆ ಬೆಲೆ ಏರದಂತೆ ತಡೆದವನು ನಾನು ಎಂದು ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು — ಹೇಳಿದರೆ ನಿಮ್ಮ ಮುಖ ಹೇಗಾಗುತ್ತದೋ...

ಅಕ್ಕಸಾಲಿಗ ಅದನ್ನು ಮೂಸೆಗೆ ಹಾಕಿ, ಕರಗಿಸಲೇ ಎಂದು ಮರಾಠಿಯಲ್ಲಿ ಕೇಳಿದ: "ಕಾಕಾ, ವಿತಳವೂ ಕಾ?"

ನೀವು ನನ್ನ ಮುಖ ನೋಡಿದಿರಿ.

"ಹೂಂ," ಅಂದೆ.

ತಂತಿ ಕೆಂಪಾಯಿತು. ಅಕ್ಷರಗಳು ಇನ್ನೂ ಕಾಣುತ್ತಿದ್ದವು — ಆಗಲೂ ತಡೆಯಬಹುದಿತ್ತು, ಆಗಲೂ... ಆಮೇಲೆ ಬರೀ ಬೆಳ್ಳಿ.

ಆರು ವರ್ಷವಾಯಿತು. ನಿಮ್ಮ ಮನೆಯಲ್ಲಿ ಆ ಗೆಜ್ಜೆಯ ಸದ್ದು ಕೇಳಿದಾಗಲೆಲ್ಲ ಆಡುತ್ತಿದ್ದ ಮಾತು ಮರೆತುಹೋಗುತ್ತಿತ್ತು. ನಿನ್ನೆ ಅಂಥದೇ ಇನ್ನೊಂದು ಲಾರಿನ್, ನಾನು ಕೊಟ್ಟದ್ದರ ಹತ್ತುಪಟ್ಟು ಬೆಲೆಗೆ ಹೋಯಿತು. ನೀವೇ ಫೋಟೋ ಕಳಿಸಿ ಬರೆದಿರಿ: "ಖೋಟಾಕ್ಕ ಇಷ್ಟ ರೊಕ್ಕಾ ಕೊಡೋ ಮಂದಿ ಭಾಳ ಆಗ್ಯಾರ ನೋಡು." ಊರ ಮಂದಿಯನ್ನೆಲ್ಲ ಅನುಮಾನಿಸಿದಿರಿ, ನನ್ನೊಬ್ಬನನ್ನು ಬಿಟ್ಟು. ಅದನ್ನು ಓದಿದ ಮೇಲೆ ಈ ಕಾಗದ ಬರೆಯಲು ಕೂತೆ.

ನಾಳೆ ನನ್ನಲ್ಲಿರುವ ಲಾರಿನ್ ತೆಗೆದುಕೊಂಡು ಬರುತ್ತೇನೆ. ಅದು ನಿಮ್ಮ ತಾಯಿಯ ಕೈ ಮುಟ್ಟಿದ್ದಲ್ಲ — ಗೊತ್ತಿದೆ. ಈ ಕಾಗದವನ್ನು ನಿಮ್ಮ ಮುಂದೆ ನಾನೇ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತೇನೆ.