ಡ್ರೈಯರಿನ ಮಿತಿ ಏರಿಸಿದವನು ನಾನು

ಸುಮಾ, ಆ ಡ್ರೈಯರಿನ ಸೆಟ್ಟಿಂಗ್ಸ್ ಬದಲಿಸಿದವನು ನಾನು. ನಿನ್ನ ಪ್ರೋಗ್ರಾಂನಲ್ಲಿ ತಪ್ಪಿರಲಿಲ್ಲ.

ಮಲ್ಲಂದೂರಿನ ಎಸ್ಟೇಟಿನಲ್ಲಿ ನಾನಾಗ ಹಾಜರಿ, ಲೆಕ್ಕ ಬರೆಯುವ ರೈಟರ್. ಕಾಫಿ ಒಣಗಿಸುವ ಯಂತ್ರಕ್ಕೆ ನೀನು ಚಿಕ್ಕಮಗಳೂರಿನಿಂದ ಬಂದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟೆ. ಬಿಸಿ ಮಿತಿ ಮುಟ್ಟಿದರೆ ಬೆಂಕಿ ತಗ್ಗಿಸುವುದು ಅದರ ಒಂದು ಭಾಗ, ಸೈರನ್ ಕೂಗಿಸುವುದು ಇನ್ನೊಂದು. ಎರಡೂ ಒಂದೇ ಸೆಟ್ಟಿಂಗ್ಸ್ ಓದುತ್ತವೆ ಎಂದು ನೀನೇ ಬಿಡಿಸಿ ಹೇಳಿದ್ದೆ.

"ಕೂಲಿಯವರ ಲೈನ್ ಮನೆಗಳಿಗೆಲ್ಲ ಒಂದೇ ಟ್ಯಾಂಕಿನ ನೀರು ಬರಲ್ವಾ ಅಂಕಲ್, ಹಾಗೆ. ಒಂದು ಮನೆಗೆ ಅಂತ ಟ್ಯಾಂಕಿಗೆ ಏನಾದ್ರೂ ಹಾಕಿದ್ರೆ ಎಲ್ಲ ಮನೆಗೂ ಹೋಗುತ್ತೆ."

ನಾನು ತಲೆಯಾಡಿಸಿದ್ದೆ. ತಿಳಿದು ಅಲ್ಲ — ತಿಳಿಯಲಿಲ್ಲ ಎನ್ನಲು ನಾಚಿಕೆಯಾಗಿ.

ಕೊಯ್ಲಿನ ನಡುವೆ ಅಕಾಲದ ಮಳೆ ಹಿಡಿಯಿತು. ಕಣದಲ್ಲಿ ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನೆಲ್ಲ ಯಂತ್ರಕ್ಕೆ ಸುರಿದೆವು. ಸೈರನ್ ಮತ್ತೆ ಮತ್ತೆ ಕೂಗಿ ಕೆಲಸ ನಿಲ್ಲುತ್ತಿತ್ತು. ಡ್ರೈಯರ್ ನೋಡಿಕೊಳ್ಳುವ ರಾಜಪ್ಪ ನಗುತ್ತಿದ್ದ: "ಇದೆಂಥದು ಮಾರಾಯ್ರೆ, ಹಸಿದ ಕರುವಿಗಿಂತ ಜಾಸ್ತಿ ಕೂಗುತ್ತಲ್ಲ. ಒಂಚೂರು ಬಾಯಿ ಮುಚ್ಸಿ."

ಕಂಪ್ಯೂಟರಿನಲ್ಲಿ ಆ ಮಿತಿಯ ಅಂಕಿಯನ್ನು ಏರಿಸಿದೆ. ಅದು ಸೈರನ್ನಿಗೆ ಮಾತ್ರ ಎಂದುಕೊಂಡಿದ್ದೆ. ಕೂಗು ನಿಂತಿತು. ಆಗ ನನಗೆ ಹಾಯೆನಿಸಿತ್ತು. ಬೆಂಕಿ ತಗ್ಗಿಸಬೇಕಾದ ಭಾಗವೂ ಅದೇ ಅಂಕಿಗೆ ಕಾಯುತ್ತ ಕೂತಿತ್ತು. ಹೊಗೆ ಕಂಡು ರಾಜಪ್ಪ ಯಂತ್ರದ ಬಾಗಿಲು ತೆರೆದ. ಉರಿ ನೇರ ಅವನ ಮುಖಕ್ಕೆ...

ಅವನನ್ನು ಜೀಪಿಗೆ ಹತ್ತಿಸುವ ಗದ್ದಲದಲ್ಲಿ ನಾನು ಒಳಗೆ ಹೋಗಿ ಹಳೆಯ ಅಂಕಿಯನ್ನೇ ಮತ್ತೆ ಒತ್ತಿದೆ. ಅವನ ಜೊತೆ ಆಸ್ಪತ್ರೆಗೆ ಹೋಗಲಿಲ್ಲ.

ಸಂಜೆ ನೀನು ಬಂದು ಎಸ್ಟೇಟಿನ ಸಾಹುಕಾರರ ಎದುರೇ ಕೇಳಿದೆ: "ಅಂಕಲ್, ಸೆಟ್ಟಿಂಗ್ಸ್ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲಮ್ಮ."

ನೀನು ನನ್ನನ್ನು ನಂಬಿ ನಿನ್ನ ಕೆಲಸವನ್ನೇ ಅನುಮಾನಿಸಿದೆ. ಆಮೇಲೆ ಪ್ರೋಗ್ರಾಂ ಬರೆಯುವುದನ್ನೇ ಬಿಟ್ಟೆಯಂತೆ. ರಾಜಪ್ಪನ ಒಂದು ಕಣ್ಣು ಹೋಯಿತು. ಒಮ್ಮೆ ದಾರಿಯಲ್ಲಿ ಸಿಕ್ಕಿ, "ಪ್ರೋಗ್ರಾಂ ಬರೆದ ಆ ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲ ರೈಟರ್ರೆ" ಎಂದ. ಆಗಲೂ ನಾನು — ತಲೆಯಾಡಿಸಿದೆ.

ಎಲ್ಲಿ ಸೈರನ್ ಕೇಳಿದರೂ ಬೆವರುತ್ತೇನೆ. ಅದು ಕೂಗದೆ ಸುಮ್ಮನಿದ್ದರೆ ಇನ್ನೂ ಹೆಚ್ಚು.

ಇದನ್ನು ನಿನಗೆ ಕಳಿಸಿ ರಾಜಪ್ಪನ ಮನೆಗೆ ಹೋಗುತ್ತೇನೆ. ಅವನು ಬಾಗಿಲು ತೆರೆಯುವ ಆ ಗಳಿಗೆಯದೇ ನನಗೆ ಭಯ. ಆದರೂ ತಟ್ಟುತ್ತೇನೆ.