ಮೂರು ತಿಂಗಳ ಕೂಸು

ಅಸ್ಥಿಮಜ್ಜೆ ಕಸಿಯ ವಾರ್ಡಿನಲ್ಲಿ ದಾನಿಯನ್ನು ಗೊತ್ತುಮಾಡುವುದರಿಂದ ಹಿಡಿದು ಮನೆಯವರಿಗೆ ಧೈರ್ಯ ಹೇಳುವವರೆಗೆ ಎಲ್ಲವೂ ನರ್ಸ್ ಡಾರ್ಲಾಳ ತಲೆಯ ಮೇಲೆಯೇ. ಅಲ್ಲಿ ಕಸಿಯಾದ ದಿನವೇ ಹೊಸ ಹುಟ್ಟು. ಅಂದು ಹುಟ್ಟುಹಬ್ಬದ ಹಾಡು ಹೇಳಿ, ಅಲ್ಲಿಂದಲೇ ರೋಗಿಯ ವಯಸ್ಸು ಎಣಿಸುತ್ತಾರೆ. ಮಿನೆಸೋಟದ ರಸ್ತೆಗಳಲ್ಲಿ ಹಿಮ ಸರಿಸುವ ಲಾರಿ ಓಡಿಸಿ ಮುದುಕನಾಗಿ, ಅಲ್ಲಿ ಕಸಿ ಮಾಡಿಸಿಕೊಂಡಿದ್ದ ವೆಂಡೆಲ್‌ಗೆ ಅದೇ ಒಂದು ತಮಾಷೆ. "ಎಳೇ ಕೂಸಿಗೆ ಸೂಜಿ ಚುಚ್ಚೋಕೆ ಬರ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಅನ್ನುತ್ತಿದ್ದ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಡಾರ್ಲಾಳಿಗೆ ಅಳು ಬರಲಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್ ಅಗಿದಳು, ರುಚಿ ತಿಳಿಯಲಿಲ್ಲ. ಪಕ್ಕದಲ್ಲಿದ್ದ ದೂರದ ನೆಂಟನೊಬ್ಬ ಕೇಳಿದ, "ಎಷ್ಟು ವಯಸ್ಸಾಗಿತ್ತಮ್ಮಾ ಅವನಿಗೆ?"

"ಮೂರು ತಿಂಗಳು," ಅಂದುಬಿಟ್ಟಳು.

ನೆಂಟ ಬಾಯಿಗೆ ಒಯ್ದಿದ್ದ ಸ್ಯಾಂಡ್‌ವಿಚ್ ತಟ್ಟೆಗೆ ಇಳಿಸಿದ. ಸುಡುಗಾಡು ನಾಲಿಗೆ, ಇಷ್ಟು ವರ್ಷ ವಾರ್ಡಿನ ಲೆಕ್ಕವನ್ನೇ ಹೇಳಿ ಹೇಳಿ ರೂಢಿಬಿದ್ದಿತ್ತು. ಡಾರ್ಲಾ ತಲೆಯೆತ್ತಿದರೆ ಕಾಫಿ ಹಿಡಿದು ನಿಂತವಳು ವೆಂಡೆಲನ ಹೆಂಡತಿ ಆರ್ಡಿಸ್.

ಆರ್ಡಿಸ್ ನೆಂಟನ ಲೋಟಕ್ಕೆ ಕಾಫಿ ಬಗ್ಗಿಸಿದಳು.

"ಇನ್ನೂ ತುಂಬಿರ್ಲಿಲ್ಲ ಡಾರ್ಲಾ," ಅಂದಳು. "ನಾಳಿದ್ದು ತುಂಬ್ತಿತ್ತು. ಕೇಕಿಗೆ ಹೇಳಿಬಿಟ್ಟಿದ್ದೀನಿ. ಬಂದು ತಿಂದು ಹೋಗು."