ಅವ್ವನ ಬೋಗುಣಿಯೂ ಒಂದು ಖಾಲಿ ಕಂಡಿಕೆಯೂ

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಅವ್ವನ ಹಿತ್ತಾಳೆ ಬೋಗುಣಿಯ ಮುಚ್ಚಳ ‘ತಟಕ್’ ಎಂದು ಒಂದು ಸಲ ಸದ್ದು ಮಾಡಿತು. ಪಾತ್ರೆಗಳು ಸದ್ದು ಮಾಡುವುದು ಲೋಕದಲ್ಲಿ ಹೊಸದಲ್ಲ; ಪಾತ್ರೆ ಸದ್ದು ಮಾಡದ ಮನೆಯಲ್ಲಿ ಒಂದೋ ಅಕ್ಕಿ ಇಲ್ಲ, ಇಲ್ಲವೇ ಸೊಸೆ ಇಲ್ಲ. ಆದ್ದರಿಂದ ನಾನು ಆ ಸದ್ದನ್ನು ಗಮನಿಸಿದೆನೇ ಹೊರತು ಗಣಿಸಲಿಲ್ಲ. ಗಮನಿಸಿದ್ದಕ್ಕೂ ಕಾರಣವಿತ್ತು. ತಿರುಚ್ಚಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಹೊಸದಾಗಿ ಊರಿಗೆ ಬಂದಿದ್ದ ನಾನು, ಒಲೆಯ ಮುಂದೆ ಕೂರುವಾಗಲೂ ಗೆಳೆಯನಿಂದ ಎರವಲು ತಂದ ಜೇಬುಗಡಿಯಾರ, ಒಂದು ಹಾಳೆ, ಒಂದು ಸೀಸದಕಡ್ಡಿ ಇಟ್ಟುಕೊಂಡೇ ಕೂರುವಂಥ ಪ್ರಾಣಿಯಾಗಿದ್ದೆ. ಹಾಳೆಯಲ್ಲಿ ಹೀಗೆ ಬರೆದೆ: ‘ಹತ್ತು ನಲವತ್ತು. ಮುಚ್ಚಳದಲ್ಲಿ ಸದ್ದು. ಚಿಂತೆಯಿಲ್ಲ.’ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ನಾನು ಇಷ್ಟು ವರ್ಷ ಓದಿ ಬರೆದ ವಾಕ್ಯಗಳಲ್ಲೆಲ್ಲ ಅತ್ಯಂತ ಮೂರ್ಖ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, ತಡಕಾಡದೆ ತೋರಿಸಲು ಅನುಕೂಲವಾಗಲಿ ಎಂದು ಮಡಿಸಿಟ್ಟಿದ್ದೇನೆ.

ಅಂದು ಅವ್ವನ ವರ್ಷದ ತಿಥಿ. ಸೇಲಂ ಪಟ್ಟಣದ ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುವ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷು, ಹೆದರಿಕೆಯಾದಾಗ ಯಾವ ಭಾಷೆಯೂ ಇಲ್ಲ. ಸತ್ತವರ ತಿಥಿಗೆ ಅವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು ಎಂಬುದು ನಮ್ಮಲ್ಲಿ ಪದ್ಧತಿ. ಅವ್ವನಿಗೆ ಏನು ಇಷ್ಟ ಎಂದು ನಾವು ಯಾರೂ ಅವಳನ್ನು ಕೇಳಿದ್ದಿಲ್ಲ. ಹೆಂಗಸರಿಗೆ ಇಷ್ಟವಾದದ್ದು ಎಂಬುದೊಂದು ಇರುತ್ತದೆ ಎಂಬ ಸಂಶೋಧನೆ ನಮ್ಮ ಬೀದಿಗೆ ಇನ್ನೂ ತಲುಪಿರಲಿಲ್ಲ. ಅವಳು ಮಾಡುತ್ತಿದ್ದುದರಲ್ಲಿ ನಮಗೆ ಇಷ್ಟವಾದದ್ದೇ ಅವಳ ಇಷ್ಟ ಎಂದು ತೀರ್ಮಾನಿಸಿದೆವು. ಹಾಗೆ ಆಯ್ಕೆಯಾದದ್ದು ಕೆಂಡದ ಕಡುಬು.

ಹೆಸರು ಕಡುಬೇ ಹೊರತು ಅದಕ್ಕೂ ಕಡುಬಿಗೂ ಸಂಬಂಧವಿಲ್ಲ. ಅಕ್ಕಿತರಿ, ಬೆಲ್ಲ, ತೆಂಗಿನ ಹಾಲು, ತುಪ್ಪ ಎಲ್ಲವನ್ನೂ ನೀರಾಗಿ ಕಲಸಿ ಬೋಗುಣಿಗೆ ಸುರಿದು, ಮುಚ್ಚಳ ಮುಚ್ಚಿ, ಸಂದಿಗೆ ಹಿಟ್ಟು ಮೆತ್ತಿ, ಕೆಳಗೂ ಕೆಂಡ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವುದು. ಮೇಲೆ ಕಂದುಬಣ್ಣದ ಹೊರಪದರ ಕಟ್ಟುತ್ತದೆ, ಒಳಗೆ ಮೆತ್ತಗಿರುತ್ತದೆ; ನಮ್ಮ ಅವ್ವನ ಸ್ವಭಾವವೂ ಹೀಗೆಯೇ ಇತ್ತು ಎಂದು ಬರೆದರೆ ಓದುಗರಿಗೆ ಸಂತೋಷವಾಗಬಹುದು, ಆದರೆ ಅದು ಸುಳ್ಳು. ಅವಳು ಒಳಗೂ ಹೊರಗೂ ಒಂದೇ ಸಮ ಖಾರವಾಗಿದ್ದಳು. ಬೆಲ್ಲ ಮಾತ್ರ ಮೇಚೇರಿ ಸಂತೆಯದೇ ಆಗಬೇಕು ಎಂದು ಹಟ ಹಿಡಿಯುತ್ತಿದ್ದಳು. ಕುರಿಗೆ ಹೆಸರಾದ ಆ ಸಂತೆಯಿಂದ ಬೆಲ್ಲ ಕುರಿಗಳ ಪಕ್ಕದಲ್ಲಿ ಕೂತು ಬಂದದ್ದರಿಂದ ಅದಕ್ಕೆ ಕುರಿಯ ವಾಸನೆ ಬಂದಿರುತ್ತದೆ ಎಂದು ಅಪ್ಪ ದೂರಿದರೆ, “ನಿಮ್ಮ ಪಕ್ಕ ಇಪ್ಪತ್ತು ವರ್ಷದಿಂದ ಕೂತಿವ್ನಿ, ನಂಗೇನ್ ಬಂದೈತೆ?” ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಅಪ್ಪ ಒಂದು ವರ್ಷ ಸಿಹಿ ಮುಟ್ಟಲಿಲ್ಲ. ಅದಕ್ಕಿಂತ ಹೆಚ್ಚಿನದೆಂದರೆ, ಅವಳ ಸುದ್ದಿಯನ್ನೇ ಎತ್ತಲಿಲ್ಲ. ಬೆಳಗಾದರೆ ನಡುಮನೆಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು, ಕತ್ತಲಾದರೆ ಏಳುವುದು. ನಾವು ಮಾತಾಡಿಸಿದರೆ ಮಗ್ಗದ ಲಾಳಿ ಉತ್ತರ ಕೊಡುತ್ತಿತ್ತು. ಆದ್ದರಿಂದ ಕಡುಬು ಎಡೆಗೆ ಎಂಬುದು ನೆಪ. ಅಪ್ಪನ ಬಾಯಿಗೆ ಒಂದು ತುತ್ತು ಹಾಕಿ, ಆ ಬಾಯಿಯಿಂದ ಒಂದು ಮಾತು ಹೊರಡಿಸಬೇಕು ಎಂಬುದೇ ನನ್ನ ಗುಟ್ಟಿನ ಉದ್ದೇಶ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಹಳ ಹೊತ್ತಿನಿಂದ ಬೇರೆ ಮಾತಾಡುತ್ತಿರುವುದು ಅದಕ್ಕೆ ಬರಬಾರದೆಂದೇ ಎಂಬುದು ನಿಮಗೆ ಆಗಲೇ ತಿಳಿದಿರಬಹುದು.

ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿದ ಮೇಲೆ ಅವ್ವ ಅದರಲ್ಲಿ ಒಂದು ಖಾಲಿ ಕಂಡಿಕೆ ಚುಚ್ಚಿಡುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರಿಸುವ, ಹೊಕ್ಕಿನ ನೂಲು ಸುತ್ತಿದ ಬೆರಳುದ್ದದ ಟೊಳ್ಳು ಜೊಂಡಿನ ತುಂಡು. ನಮ್ಮ ಮನೆಯ ಹೆಂಗಸರು ಹುಟ್ಟಿದಂದಿನಿಂದ ಸಾಯುವವರೆಗೂ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಾರೆ. ಹೀಗಿರುವಾಗ ಅಡಿಗೆಯಲ್ಲೂ ಒಂದು ಕಂಡಿಕೆ ಕಂಡರೆ ಅದು ಮಗ್ಗಕ್ಕೆ ಸಲ್ಲಿಸುವ ಮರ್ಯಾದೆ, ಒಂದು ಬಗೆಯ ಪೂಜೆ ಎಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಕಾಲೇಜಿಗೆ ಹೋದ ಮೇಲೆ ಅದು ಮೂಢನಂಬಿಕೆ ಎಂದು ತಿಳಿದೆ. ಆದರೂ ಸತ್ತ ತಾಯಿಯ ನಂಬಿಕೆಗೆ ಅವಮಾನವಾಗಬಾರದೆಂದು, ಕಂಡಿಕೆಯನ್ನು ಹಿಟ್ಟಿಗೆ ಚುಚ್ಚುವ ಬದಲು ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟು ಕೈ ಮುಗಿದೆ. ಕೆಲಸಕ್ಕೆ ಬರುವ ವಸ್ತುವನ್ನು ಕುಂಕುಮ ಹಚ್ಚಿ ಗೂಡಿನಲ್ಲಿ ಕೂರಿಸಿ, ಕೆಲಸ ಕೆಟ್ಟ ಮೇಲೆ ಅದರ ಮುಂದೆ ಅಳುವ ವಿದ್ಯೆಯಲ್ಲಿ ನಾನೊಬ್ಬನೇ ಪಂಡಿತನಲ್ಲ ಎಂಬುದಷ್ಟೇ ನನಗೆ ಸಮಾಧಾನ.

ಇಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು; ಬರಿಯ ಹಿಟ್ಟು ಎಲ್ಲಾದರೂ ಬಿರಿದು ನನ್ನನ್ನು ಕಾಪಾಡುತ್ತಿತ್ತು. ಆದರೆ ಪರಿಮಳದ ಒಂದು ಕಣವೂ ಹೊರಗೆ ಹೋಗಬಾರದು ಎಂಬ ಶಾಸ್ತ್ರೀಯ ಹಂಬಲದಿಂದ, ಹಿಟ್ಟಿನ ಮೇಲೆ ಬಟ್ಟೆಯ ಪಟ್ಟಿ ಸುತ್ತಿದೆ. ಬರಿಯ ಬಟ್ಟೆಯಲ್ಲ, ಹಾಸಿನ ನೂಲಿಗೆ ಬಿಗುವು ಬರಲೆಂದು ಹಚ್ಚುತ್ತೇವಲ್ಲ, ಆ ಗಂಜಿಯಲ್ಲಿ ಅದ್ದಿದ ಬಟ್ಟೆ. ಅದು ಒಣಗಿದರೆ ಹಲಗೆ. ಅದರ ಮೇಲೆ ಬೋಗುಣಿಯ ಎರಡು ಕಿವಿಗೂ ಮುಚ್ಚಳದ ಎರಡು ಕಿವಿಗೂ ಸೇರಿಸಿ ಕಬ್ಬಿಣದ ತಂತಿ ಬಿಗಿದೆ. ನೇಕಾರನ ಮಗ ಹಾಕಿದ ಗಂಟು ನೋಡಿ, ಸಡಿಲುವ ಮಾತೇ ಇಲ್ಲ. ಅಡಿಗೆ ಮಾಡಲು ಹೊರಟವನು ಹೀಗೆ ಸರಳವಾದ ಸಾಮಗ್ರಿಗಳಿಂದ ಒಂದು ನಾಡಬಾಂಬು ಮಾಡಿ ಮುಗಿಸಿದೆ.

ಹಿತ್ತಿಲ ಒಲೆಗೂ ನಡುಮನೆಯ ಮಗ್ಗಕ್ಕೂ ನಡುವೆ ಇರುವುದು ತೆರೆದ ಬಾಗಿಲೊಂದೇ. ಮಧ್ಯಾಹ್ನದ ಎಡೆಯ ಹೊತ್ತಿನವರೆಗೆ ಸುಮ್ಮನೆ ಕೂರಲಾರದೆ ಅಪ್ಪ ಅಂದೂ ಮಗ್ಗಕ್ಕೆ ಇಳಿದಿದ್ದ. ‘ಚಿಂತೆಯಿಲ್ಲ’ ಎಂದು ಬರೆದು ನಾನು ಕೊಡಪಾನದ ಕಡೆ ತಿರುಗಿದ್ದೆ.

ಸದ್ದನ್ನು ವರ್ಣಿಸಲಾರೆ, ನಾನು ಅದನ್ನು ಕಿವಿಯಿಂದ ಕೇಳಲಿಲ್ಲ, ಹೊಟ್ಟೆಯಿಂದ ಕೇಳಿದೆ. ಬೋಗುಣಿಯ ಒಂದು ಕಿವಿ ಮೊದಲು ಕಿತ್ತು, ಇನ್ನೊಂದರ ತಂತಿ ಹರಿದು, ಮುಚ್ಚಳ ಓರೆಯಾಗಿ ಹಾರಿ, ಬಾಗಿಲು ದಾಟಿ ಒಳಗೆ ಹೋಯಿತು. ಕೆಂಡ ಹಿತ್ತಿಲ ತುಂಬ ಮಳೆಯಾಯಿತು. ನನ್ನ ಪಂಚೆಯ ಅಂಚು ಹೊಗೆಯಾಡುತ್ತಿತ್ತು. ಅಪ್ಪನ ಅಕ್ಕ, ಅಂದರೆ ನಮ್ಮ ಮುನಿಯಮ್ಮತ್ತೆ, ಎಲ್ಲಿಂದಲೋ ಓಡಿಬಂದು ನನ್ನ ಮೇಲೆ ಒಂದು ಬಿಂದಿಗೆ ನೀರು ಸುರಿದಳು. ಅಷ್ಟರಲ್ಲಿ ನಾನು ಒಂದು ವಿಷಯವನ್ನು ಕೇಳಿಸಿಕೊಂಡಿದ್ದೆ. ಮಗ್ಗದ ಸದ್ದು ನಿಂತಿತ್ತು.

ಹಿತ್ತಿಲಿಂದ ಮಗ್ಗಕ್ಕೆ ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಯನ್ನು ನಾನು ಆಮೇಲೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೆ ಸಾಕು, ಮೊದಲ ಹೆಜ್ಜೆಯಿಂದ ಮತ್ತೆ ಶುರು. ಒಳಗೆ ಹೊಗೆ, ಬೂದಿ. ಮಗ್ಗದ ಕಂಬದಲ್ಲಿ ಮುಚ್ಚಳ ಅರ್ಧ ಹೂತು ನಿಂತಿತ್ತು, ಅಪ್ಪ ನೆಟ್ಟಗೆ ಕೂತರೆ ಹಣೆ ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲಿ. ಅಪ್ಪ ಕಾಣಲಿಲ್ಲ.

ಆಮೇಲೆ ಗುಂಡಿಯೊಳಗಿಂದ ನಿಧಾನವಾಗಿ ಒಂದು ತಲೆ ಮೇಲೆ ಬಂತು.

“ಎಳೆ ಕಿತ್ತೋಗಿತ್ತು ಕಣ್ಲಾ, ಬಗ್ಗಿ ಸೇರಿಸ್ತಿದ್ದೆ” ಎಂದ ಅಪ್ಪ. ಆಮೇಲೆ ಕಂಬ ನೋಡಿದ. ನನ್ನ ಮುಖ ನೋಡಿದ. “ಯಾರ್ಲಾ ಸತ್ತೋರು?”

ಹಾಸಿನಲ್ಲಿ ಎಳೆ ಕಿತ್ತರೆ ನೇಕಾರನ ಬಾಯಲ್ಲಿ ಬರುವ ಮಾತುಗಳನ್ನು ಇಲ್ಲಿ ಬರೆದರೆ ಅಚ್ಚಿನ ಮೊಳೆಗಳು ನಾಚುತ್ತವೆ. ನಮ್ಮ ಕುಲಕ್ಕೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಆ ಶತ್ರು ಅಂದು ಹತ್ತೂ ಮುಕ್ಕಾಲಿನ ಆಸುಪಾಸಿನಲ್ಲಿ ನಮ್ಮಪ್ಪನಿಗೆ ತಲೆ ಬಾಗಿಸುವುದನ್ನು ಕಲಿಸಿತು. ಕಿತ್ತ ಎಳೆಗೆ ಹಾಕಿದ ಆ ಗಂಟು ಒಂದು ಸೀರೆಯೊಳಗೆ ಸೇರಿ ಹೋಯಿತು. ಯಾವುದೋ ಊರಿನ ಯಾವ ತಾಯಿಯೋ ಅದನ್ನು ಉಟ್ಟಿರಬಹುದು, ಅವಳಿಗೆ ಏನೂ ಗೊತ್ತಿಲ್ಲ.

ಅಪ್ಪನ ಹೆಗಲ ಮೇಲೆ, ಮುಚ್ಚಳಕ್ಕೆ ಅಂಟಿ ಬಂದಿದ್ದ ಕಡುಬಿನ ಒಂದು ತುಣುಕು ಬಿದ್ದಿತ್ತು. ಅವನು ಅದನ್ನು ಬೆರಳಿನಿಂದ ತೆಗೆದ. ಮೂಸಿದ. ಬಾಯಿಗೆ ಹಾಕಿಕೊಂಡ. ಅತ್ತೆ ಬಿಂದಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಏಲಕ್ಕಿ ಜಾಸ್ತಿ ಆಯ್ತು” ಎಂದ. “ಎಷ್ಟಾಕ್ದೆ?”

“ಆರು” ಎಂದೆ.

“ನಿಮ್ಮವ್ವ ಎರಡೇ ಆಕ್ತಿದ್ಲು.”

ಅಷ್ಟು ಹೇಳಿ ನಗಲು ಶುರುಮಾಡಿದ. ನಗು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾರೆ. ಅತ್ತೆ ನನ್ನನ್ನು ಹಿತ್ತಿಲಿಗೆ ತಳ್ಳಿದಳು. ಅಲ್ಲಿ ಬೋಗುಣಿಯನ್ನೂ ತಂತಿಯನ್ನೂ ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

“ಕಂಡಿಕೆ ಎಲ್ಲೈತ್ಲಾ?”

“ದೇವರ ಗೂಡಿನಲ್ಲಿ ಇಟ್ಟಿದ್ದೀನತ್ತೆ.”

“ದೇವ್ರು ಏನ್ಲಾ ಮಾಡ್ತಾನೆ ಅದ್ನ ಇಟ್ಕೊಂಡು? ಆವಿ ಓಗಕ್ಕೆ ಓಟೆ ಬ್ಯಾಡ್ವಾ? ಓದಿದ್ದೆಲ್ಲಾ ಪೋಚ್ಚು, ನೀರ್ಪಾಲು! ಇದಕ್ಕಾ ತಿರುಚ್ಚಿಗೆ ಕಳ್ಸಿದ್ದು?”

ಆವಿಯ ಒತ್ತಡದ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಬಂದಿದ್ದವನು ನಾನು. ಚಿತ್ರವನ್ನೂ ಬಿಡಿಸಿದ್ದೆ. ಆ ಚಿತ್ರದಲ್ಲಿ ಆವಿ ಹೋಗಲು ಒಂದು ಕೊಳವೆಯೂ ಇತ್ತು.

ತಿಥಿಯ ಎಡೆಗೆ ಅಂದು ಬರಿಯ ಬಾಳೆಹಣ್ಣು ಇಟ್ಟೆವು. ಆ ಸದ್ದಿಗೆ ಬೆಚ್ಚಿದ ಕಾಗೆಗಳು ಮೂರು ದಿನ ನಮ್ಮ ಬೀದಿಯ ಕಡೆ ತಲೆ ಹಾಕಲಿಲ್ಲ. ಅವ್ವ ಮುನಿಸಿಕೊಂಡಿದ್ದಾಳೆ ಎಂದು ಬೀದಿಯವರು ಅಂದುಕೊಂಡರು. ಅವ್ವ ಮುನಿಸಿಕೊಂಡರೆ ದೂರ ಹೋಗುವವಳಲ್ಲ, ಹತ್ತಿರ ಬರುವವಳು ಎಂಬುದು ನನಗೆ ಗೊತ್ತಿತ್ತು.

ಇತ್ತ ನಿದ್ದೆ ನನ್ನನ್ನು ಬಿಟ್ಟು ಹೋಯಿತು. ಅಪ್ಪ ಅಂದಿನಿಂದ ಮಾತಾಡುವುದನ್ನು ಕಲಿತ, ನಾನು ಬೆಚ್ಚುವುದನ್ನು ಕಲಿತೆ. ಪಕ್ಕದ ಮನೆಯ ಅನ್ನದ ಪಾತ್ರೆ ‘ತಟಕ್’ ಎಂದರೆ ನಾನು ಕಂಬದ ಹಿಂದೆ. ಅಪ್ಪ ಮಗ್ಗಕ್ಕೆ ಕೂತಾಗಲೆಲ್ಲ ಕಂಬದ ಗಾಯಕ್ಕೂ ಅವನ ಹಣೆಗೂ ನೂಲು ಹಿಡಿದು ಅಳೆಯುತ್ತಿದ್ದೆ. ಎಳೆ ಕಿತ್ತಿರದಿದ್ದರೆ? ಎಳೆ ಕಿತ್ತರೂ ಅದು ಕೈಗೆ ಎಟುಕುವ ಕಡೆ ಕಿತ್ತಿದ್ದರೆ? “ಲೇ, ನನ್ನ ತಲೆ ಏನು ಜರಿಪಂಚೆಯಾ, ದಿನಾ ಅಳೀತೀಯಾ?” ಎಂದು ಅಪ್ಪ ಬೈದ ಮೇಲೆ ಕಣ್ಣಿನಿಂದಲೇ ಅಳೆಯತೊಡಗಿದೆ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಒಲೆಯಲ್ಲಿ ಪಟಪಟ ಸಿಡಿದದ್ದೇ ತಡ, ನಾನು ಬೀದಿಯಲ್ಲಿದ್ದೆ. ತಾರಮಂಗಲಂ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ದೀಪಾರಾಧನೆಯ ಹೊತ್ತಿಗೆ ನಗಾರಿ ಬಾರಿಸಿದರು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಕೊನೆಗೆ, ಗಾಳಿ ಬದಲಾವಣೆಯಾಗಲಿ ಎಂದು ನನ್ನನ್ನು ಧರ್ಮಪುರಿಯ ಬಂಧುಗಳ ಮನೆಗೆ ಬಸ್ಸು ಹತ್ತಿಸಿದರು. ತೊಪ್ಪೂರು ಘಾಟಿಯ ಅರ್ಧದಲ್ಲಿ ಎಲ್ಲ ಬಸ್ಸುಗಳಂತೆ ನಮ್ಮದೂ ಏದುಸಿರು ಬಿಟ್ಟು ನಿಂತಿತು. ಡ್ರೈವರು ಇಳಿದು, ಹೆಗಲ ಟವೆಲ್ಲನ್ನು ಕೈಗೆ ಸುತ್ತಿ, ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳದ ಮೇಲೆ ಕೈ ಇಟ್ಟ. ಮುಚ್ಚಳ! ನಾನು ಕಿಟಕಿಯಿಂದ ಇಳಿದೆನೋ ಬಾಗಿಲಿಂದ ಇಳಿದೆನೋ ನೆನಪಿಲ್ಲ. ನೆನಪು ಬಂದಾಗ ಒಂದು ಬಂಡೆಯ ಹಿಂದೆ ಕವುಚಿ ಮಲಗಿದ್ದೆ, ಬಸ್ಸಿನ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಡ್ರೈವರು ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ, ‘ಉಸ್’ ಎಂದು ಆವಿ ಹೋಗಲು ಬಿಟ್ಟು, ಬೀಡಿ ಹಚ್ಚಿ, ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಎನ್ನಾ ಸಾರ್, ಆವಿದಾನೇ! ವಿಟ್ಟಾ ಪೋಯಿಡುಂ.”

ಆವಿ ತಾನೆ, ಬಿಟ್ಟರೆ ಹೋಗುತ್ತೆ. ನನಗೆ ಪಾಠ ಹೇಳಿದ ಪ್ರೊಫೆಸರುಗಳೆಲ್ಲ ಸೂಟು ತೊಟ್ಟಿದ್ದರು, ಒಬ್ಬರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಬಂಡೆಯ ಹಿಂದೆ ಕೂತೇ, ಗುರುತಿಲ್ಲದ ಆ ಮನುಷ್ಯನಿಗೆ ಬೋಗುಣಿ, ತಂತಿ, ಕಂಬ, ಕಿತ್ತ ಎಳೆ, ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವನು ಕೇಳಿ ಮುಗಿಸುವ ಹೊತ್ತಿಗೆ ಬೀಡಿಯೂ ಮುಗಿಯಿತು, ಇಂಜಿನ್ನೂ ತಣ್ಣಗಾಯಿತು. “ಕಡುಬು ಚೆನ್ನಾಗಿತ್ತಾ?” ಎಂದು ಮಾತ್ರ ತಮಿಳಿನಲ್ಲಿ ಕೇಳಿದ.

ಮಹಾಲಯ ಅಮಾವಾಸ್ಯೆಗೆ ಊರಿಗೆ ಬಂದೆ. ಅಮಾವಾಸ್ಯೆಯಂದು ನಮ್ಮ ಬೀದಿಯಲ್ಲಿ ಮಗ್ಗ ಆಡುವುದಿಲ್ಲ. ಹಿರಿಯರಿಗೆ ಎಡೆ ಇಡುವ ದಿನ. ಅಪ್ಪ ಬೆಳಗ್ಗೆಯೇ ಬೋಗುಣಿ ತೊಳೆದಿಟ್ಟಿದ್ದ. ಮುಚ್ಚಳದ ಸೊಟ್ಟ ತೆಗೆಸಿದ್ದ. ಬೋಗುಣಿಯ ಮುರಿದ ಕಿವಿಯನ್ನು ಹಾಗೆಯೇ ಬಿಟ್ಟಿದ್ದ.

“ಕಡುಬು ಮಾಡು ಬಾರ್ಲಾ” ಎಂದ. “ಓದ್ಸಲ ನಿಮ್ಮವ್ವಂಗೆ ಸದ್ದು ಮಾತ್ರ ಮುಟ್ಟೈತೆ.”

ನಾನು ಕಲಸಿದೆ; ಒಲೆಯ ಮುಂದೆ ಕೂರಲು ಮಾತ್ರ ಒಪ್ಪಲಿಲ್ಲ. ಅಪ್ಪನೇ ಕೂತ. ದೇವರ ಗೂಡಿನಿಂದ ಕಂಡಿಕೆ ತಂದು, ಕುಂಕುಮವನ್ನು ಪಂಚೆಗೆ ಒರೆಸಿ, ಹಸಿ ಹಿಟ್ಟಿಗೆ ಚುಚ್ಚಿದ. ನಾನು ಬಾಗಿಲ ಮರೆಯಲ್ಲಿ ಮೊರವೊಂದನ್ನು ಗುರಾಣಿಯಂತೆ ಹಿಡಿದು ನಿಂತೆ. ಬಿದಿರಿನ ಮೊರ ಹಿತ್ತಾಳೆಯನ್ನು ತಡೆಯುವುದಿಲ್ಲ ಎಂಬ ಶಾಸ್ತ್ರ ನನಗೆ ಗೊತ್ತಿತ್ತು. ಮುಚ್ಚಳ ‘ತಟಕ್’ ಎಂದಿತು. ಮೊರ ನಡುಗಿತು. ಆಮೇಲೆ ಕಂಡಿಕೆಯ ತುದಿಯಿಂದ ಆವಿಯ ಸಣ್ಣ ಎಳೆಯೊಂದು ಎದ್ದು, ತೆಂಗು ಬೆಲ್ಲಗಳ ವಾಸನೆ ಹಿತ್ತಿಲಿಗೆಲ್ಲ ಹರಡಿತು. ಅಪ್ಪ ಅದರ ಮುಂದೆ ಅಂಗೈ ಹಿಡಿದು, ಅವ್ವ ಹಿಡಿಯುತ್ತಿದ್ದಂತೆಯೇ, ಶಾಖ ನೋಡಿದ. ಒಂದು ಕಣವೂ ಹೊರಗೆ ಹೋಗಬಾರದೆಂದು ನಾನು ಕಟ್ಟಿಹಾಕಿದ್ದ ಪರಿಮಳ ಹೊರಗೆ ಬಂದದ್ದರಿಂದಲೇ ಪಕ್ಕದ ಮೂರು ಮನೆಯವರು ಕರೆಯದೆ ಬಂದು ಕೂತರು. ಎಡೆಯ ಪಾಲಿಗೆ ಕಾಗೆಯೂ ಬಂತು, ಸ್ವಲ್ಪ ದೂರದಲ್ಲೇ ಕೂತು ನನ್ನನ್ನು ಅನುಮಾನದಿಂದ ನೋಡಿತು.

ಅಪ್ಪ ಎರಡು ತುಂಡು ತಿಂದು ಹೇಳಿದ: “ಏಲಕ್ಕಿ ಕಮ್ಮಿ ಆಯ್ತು.”

“ಎರಡೇ ಹಾಕಿದೆನಪ್ಪ, ನೀನೇ ಹೇಳಿದ್ದಲ್ವಾ?”

“ಅವಳು ಆಕ್ದಾಗ ಸರೀಗಿರ್ತಿತ್ತು ಕಣ್ಲಾ” ಎಂದು ಮೂರನೆಯದಕ್ಕೆ ಕೈ ಚಾಚಿದ.

ಆ ಅಮಾವಾಸ್ಯೆಯ ರಾತ್ರಿ ನಾನು ಮಲಗಿದ್ದು ಗೊತ್ತು, ಎದ್ದಾಗ ಬೀದಿಯ ಮಗ್ಗಗಳೆಲ್ಲ ಆಗಲೇ ಆಡುತ್ತಿದ್ದವು. ನಡುವೆ ನಡೆದದ್ದನ್ನು ಅತ್ತೆ ಹೇಳಿದಳು. ಬೋಗುಣಿಯ ತಳದಲ್ಲಿ ಉಳಿದದ್ದನ್ನು ನೆಕ್ಕಲು ಹೋದ ಬೆಕ್ಕೊಂದು ಅದೇ ಮುಚ್ಚಳವನ್ನು ನೆಲಕ್ಕೆ ಉರುಳಿಸಿತಂತೆ. ಆ ಸದ್ದಿಗೆ ಅವಳು ಎದ್ದಳು, ಅಪ್ಪ ಎದ್ದ, ಪಕ್ಕದ ಮನೆಯವರೂ ದೀಪ ಹಚ್ಚಿದರು. ನಾನೊಬ್ಬನು ಮಾತ್ರ ಮಗ್ಗುಲೂ ಬದಲಿಸಲಿಲ್ಲವಂತೆ. ಅತ್ತೆಗೆ ಗಾಬರಿಯಾಗಿ ಅಪ್ಪನನ್ನು ಕಳಿಸಿದಳು. ಅವನು ನನ್ನ ಹತ್ತಿರ ಕೂತು, ಬೆಳಗ್ಗೆ ಕಂಡಿಕೆಯ ಮುಂದೆ ಹಿಡಿದಿದ್ದಂತೆಯೇ ನನ್ನ ಮೂಗಿನ ಮುಂದೆ ಅಂಗೈ ಹಿಡಿದನಂತೆ.

“ಆವಿ ಸರೀಗೇ ಓಗ್ತೈತೆ, ಮಲಿಕ್ಕೊಳ್ಳಕ್ಕ” ಎಂದು ಹೇಳಿ ಅವನೂ ಮಲಗಿದನಂತೆ.